ಒಡೆಯ ಒಕ್ಕಲಾದ ಕಥೆ

ಗಣಕಯಂತ್ರದಲ್ಲಿ ಓಡುತ್ತಿರುವ ಒಂದು ಪ್ರೋಗ್ರಾಮು ಯಂತ್ರವನ್ನು ಕೇಳಬಹುದಾದ ಅತಿ ಸಣ್ಣ ಪ್ರಶ್ನೆ ಯಾವುದು? ‘ನನ್ನ ಕ್ರಮಸಂಖ್ಯೆ ಎಷ್ಟು?’ ಎಂಬುದೇ ಇರಬೇಕು. ಓಡುವ ಪ್ರತಿಯೊಂದು ಪ್ರೋಗ್ರಾಮಿಗೂ ವ್ಯವಸ್ಥೆ ಒಂದು ಸಂಖ್ಯೆ ಕೊಟ್ಟಿರುತ್ತದೆ. ಕೇಳಿದಾಗ ಪುಸ್ತಕ ನೋಡಿ ಹೇಳಿದರಾಯಿತು. ಲೆಕ್ಕ ಹಾಕುವ ಕೆಲಸವಿಲ್ಲ, ಡಿಸ್ಕ್ ತಿರುಗಿಸುವ ಕೆಲಸವಿಲ್ಲ. 1997ರಲ್ಲಿ ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ಈ ಪ್ರಶ್ನೆಗೆ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದರು. ಯಂತ್ರ 133 ಮೆಗಾಹರ್ಟ್ಸ್ ವೇಗದ ಪೆಂಟಿಯಂ.

ಮಾಮೂಲಿ ಲಿನಕ್ಸ್‌ನಲ್ಲಿ ಉತ್ತರಕ್ಕೆ ಹಿಡಿದದ್ದು 1.68 ಮೈಕ್ರೋಸೆಕೆಂಡ್. ಮೈಕ್ರೋಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅದೇ ಲಿನಕ್ಸನ್ನು ‘ಮಾಕ್’ ಎಂಬ ಇನ್ನೊಂದು ತಂತ್ರಾಂಶದ ಮೇಲೆ ಒಂದು ಸಾಧಾರಣ ಪ್ರೋಗ್ರಾಮಿನಂತೆ ಓಡಿಸಿದಾಗ ಹಿಡಿದದ್ದು 110.60 ಮೈಕ್ರೋಸೆಕೆಂಡ್. ‘ಎಲ್4’ ಎಂಬ ಬೇರೊಂದು ತಂತ್ರಾಂಶದ ಮೇಲೆ ಓಡಿಸಿದಾಗ 3.95 ಮೈಕ್ರೋಸೆಕೆಂಡ್.

ಮೂರೂ ಅಂಕಿಗಳು ಕಣ್ಣೆವೆ ಮುಚ್ಚುವುದರೊಳಗೆ ಕಳೆದುಹೋಗುವಷ್ಟು ಚಿಕ್ಕವು. ಆದರೆ ಇವುಗಳ ನಡುವಿನ ಅಂತರದಲ್ಲಿ ಗಣಕ ವಿಜ್ಞಾನದ ಒಂದು ದೊಡ್ಡ ಜಗಳ, ಹಲವು ಕಂಪನಿಗಳ ಸೋಲು ಮತ್ತು ಒಬ್ಬ ಹಟಮಾರಿ ಜರ್ಮನ್ ವಿಜ್ಞಾನಿಯ ಸಾಧನೆ ಅಡಗಿವೆ. ನಮ್ಮ ಕಿಸೆಯಲ್ಲಿರುವ ಫೋನನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಇಂದಿನ ಪ್ರಶ್ನೆಗೂ ಈ ಕಥೆಗೂ ನೇರ ಸಂಬಂಧವಿದೆ.

ಒಳಮನೆಯ ಯಜಮಾನ

ಪ್ರೊಸೆಸರ್ ಕೆಲಸ ಮಾಡುವುದು ಎರಡು ಸ್ಥಿತಿಗಳಲ್ಲಿ. ಒಂದು ಸರ್ವಾಧಿಕಾರದ ಸ್ಥಿತಿ. ಇದರಲ್ಲಿ ಓಡುವ ತಂತ್ರಾಂಶ ಮೆಮೊರಿಯ ಯಾವ ಮೂಲೆಯನ್ನಾದರೂ ಮುಟ್ಟಬಹುದು, ಡಿಸ್ಕಿಗೆ ಅಪ್ಪಣೆ ಕೊಡಬಹುದು, ಬೇಕೆಂದರೆ ಇಡೀ ಯಂತ್ರವನ್ನೇ ನಿಲ್ಲಿಸಬಹುದು. ಇನ್ನೊಂದು ಪ್ರಜೆಯ ಸ್ಥಿತಿ. ಇಲ್ಲಿ ತನಗೆ ಹಂಚಿದ ಜಾಗದೊಳಗೆ ಮಾತ್ರ ಓಡಾಟ. ಗೆರೆ ದಾಟಲು ಹೊರಟರೆ ಪ್ರೊಸೆಸರೇ ತಡೆಯುತ್ತದೆ. ನಾವು ಪತ್ರ ಬರೆಯಲು, ಲೆಕ್ಕ ಇಡಲು, ಚಿತ್ರ ನೋಡಲು ಬಳಸುವ ಪ್ರೋಗ್ರಾಮುಗಳೆಲ್ಲ ಎರಡನೆಯ ಬಗೆಯವು. ಸರ್ವಾಧಿಕಾರದ ಸ್ಥಿತಿ ಮೀಸಲಾಗಿರುವುದು ಆಪರೇಟಿಂಗ್ ಸಿಸ್ಟಂನ ನಡುಭಾಗಕ್ಕೆ. ಅದರ ಹೆಸರು ಕರ್ನೆಲ್, ಅಂದರೆ ತಿರುಳು.

ಯೂನಿಕ್ಸ್, ಲಿನಕ್ಸ್‌ನಂಥ ಸಾಂಪ್ರದಾಯಿಕ ವ್ಯವಸ್ಥೆಗಳಲ್ಲಿ ಈ ತಿರುಳು ತುಂಬ ದಪ್ಪ. ಕಡತಗಳ ವಿಲೇವಾರಿ, ಜಾಲದ ಸಂಪರ್ಕ, ಮೆಮೊರಿಯ ಹಂಚಿಕೆ, ಯಾವ ಪ್ರೋಗ್ರಾಮಿಗೆ ಯಾವಾಗ ಸರದಿ ಎಂಬ ತೀರ್ಮಾನ, ಕೀಲಿಮಣೆಯಿಂದ ಹಿಡಿದು ಡಿಸ್ಕಿನವರೆಗೆ ಪ್ರತಿಯೊಂದು ಸಾಧನವನ್ನು ಆಡಿಸುವ ‘ಡ್ರೈವರ್’ ತಂತ್ರಾಂಶ, ಎಲ್ಲವೂ ಅದರೊಳಗೇ. ಒಂದು ಕಚೇರಿಯ ಎಲ್ಲ ಗುಮಾಸ್ತರೂ ಒಂದೇ ಕೋಣೆಯಲ್ಲಿ ಕುಳಿತಿದ್ದರೆ ಹೇಗೋ ಹಾಗೆ. ಕೈ ಚಾಚಿದರೆ ಪಕ್ಕದ ಮೇಜಿನ ಫೈಲು ಸಿಗುತ್ತದೆ, ಕೆಲಸ ಬೇಗ ಸಾಗುತ್ತದೆ. ತೊಂದರೆಯೆಂದರೆ ಆ ಕೋಣೆಯಲ್ಲಿರುವ ಪ್ರತಿಯೊಬ್ಬನ ಬಳಿಯೂ ಖಜಾನೆಯ ಕೀಲಿ ಇದೆ. ಯಾವುದೋ ಅಗ್ಗದ ಸಾಧನದ ಡ್ರೈವರಿನಲ್ಲಿ ಒಂದು ಸಾಲು ತಪ್ಪಿದರೂ ಇಡೀ ಯಂತ್ರ ಕುಸಿಯಬಹುದು. ಕಳ್ಳ ಯಾವ ಒಂದು ಕಿಟಕಿಯಿಂದ ನುಗ್ಗಿದರೂ ಎಲ್ಲವೂ ಅವನ ವಶ.

ಇದಕ್ಕೆ ಪರಿಹಾರವಾಗಿ ಮೂಡಿದ್ದು ಮೈಕ್ರೋಕರ್ನೆಲ್, ಕಿರುತಿರುಳು. ಮೆಮೊರಿಯನ್ನು ಗೋಡೆ ಹಾಕಿ ಬೇರ್ಪಡಿಸುವುದು, ಸರದಿ ಕೊಡುವುದು, ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವುದು, ಈ ಮೂರನ್ನು ಮಾತ್ರ ಒಳಗಿಟ್ಟುಕೊಂಡು ಉಳಿದದ್ದನ್ನೆಲ್ಲ ಹೊರಗೆ ಪ್ರಜೆಗಳಾಗಿ ಕೂರಿಸಬೇಕು ಎಂಬುದು ಅದರ ಸೂತ್ರ. ಈ ಯೋಚನೆ ಹಳೆಯದೇ. 1969ರಲ್ಲಿ ಡೆನ್ಮಾರ್ಕಿನ ರೆಗ್ನೆಸೆಂಟ್ರಾಲೆನ್ ಸಂಸ್ಥೆಯ ಆರ್‌ಸಿ 4000 ಯಂತ್ರಕ್ಕಾಗಿ ಪೆರ್ ಬ್ರಿಂಚ್ ಹಾನ್ಸೆನ್ ಇಂಥದೇ ಒಂದು ಪುಟ್ಟ ನಡುಭಾಗವನ್ನು ಕಟ್ಟಿದ್ದ. ಅದರಲ್ಲಿ ಪ್ರೋಗ್ರಾಮುಗಳು ಪರಸ್ಪರ ಸಂದೇಶ ಕಳಿಸಿಕೊಂಡೇ ಕೆಲಸ ಮಾಡುತ್ತಿದ್ದವು.

ಆದರೆ ಹೊಸ ಮನೆ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ವಾಸಿಸುವವರು ಬೇಕಲ್ಲ. 1980ರ ದಶಕದ ಹೊತ್ತಿಗೆ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಬಳಕೆಯಲ್ಲಿದ್ದ ಪ್ರೋಗ್ರಾಮುಗಳಲ್ಲಿ ಬಹುಪಾಲು ಯೂನಿಕ್ಸ್‌ಗಾಗಿ ಬರೆದಂಥವು. ಅವೆಲ್ಲವನ್ನೂ ಮತ್ತೆ ಬರೆಯಲು ಯಾರೂ ತಯಾರಿರಲಿಲ್ಲ. ಆಗ ಹೊಳೆದದ್ದು ಒಂದು ವಿಚಿತ್ರ ಉಪಾಯ: ಯೂನಿಕ್ಸ್‌ನ ಕರ್ನೆಲನ್ನೇ ಇಡಿಯಾಗಿ ಎತ್ತಿ ಕಿರುತಿರುಳಿನ ಮೇಲೆ ಒಂದು ಪ್ರಜೆಯಾಗಿ ಕೂರಿಸಿದರೆ? ತಾನಿನ್ನೂ ಒಡೆಯನೆಂದೇ ಅದು ತಿಳಿದಿರುತ್ತದೆ, ನಿಜದಲ್ಲಿ ಒಕ್ಕಲು. ಅದರ ಕೈಕೆಳಗಿನ ಪ್ರೋಗ್ರಾಮುಗಳಿಗೆ ಈ ಬದಲಾವಣೆಯ ಸುಳಿವೂ ಸಿಗಬಾರದು.

ಪಿಟ್ಸ್‌ಬರ್ಗಿನ ಕೆಸರು

ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ. ರಿಚರ್ಡ್ ರಶೀದ್ ನೇತೃತ್ವದಲ್ಲಿ ಅಲ್ಲಿ 1985ರಲ್ಲಿ ಮಾಕ್ ಯೋಜನೆ ಆರಂಭವಾಯಿತು. ಹೆಸರಿನ ಹಿಂದೆ ಒಂದು ಕಥೆಯಿದೆ. ಮಳೆಯಲ್ಲಿ ಕೆಸರು ತುಳಿಯುತ್ತ ಊಟಕ್ಕೆ ಹೋಗುತ್ತಿದ್ದ ಗೆಳೆಯರು ತಮಾಷೆಗೆ ಯೋಜನೆಗೆ ‘ಮಕ್’ ಎಂದು ಹೆಸರಿಟ್ಟರಂತೆ. ಇಂಗ್ಲಿಷಿನಲ್ಲಿ ಅದಕ್ಕೆ ಕೊಳೆ, ಕೆಸರು ಎಂಬ ಅರ್ಥ. ಇಟಲಿಯ ಸಹೋದ್ಯೋಗಿಯೊಬ್ಬರು ಅದನ್ನು ತಮ್ಮ ಕಿವಿಗೆ ಬಿದ್ದಂತೆ ಬರೆದುಕೊಂಡು ‘ಮಾಕ್’ ಮಾಡಿದರು. ಆ ಹೆಸರೇ ನಿಂತಿತು.

ಆರಂಭದ ಆವೃತ್ತಿಗಳಲ್ಲಿ ಯೂನಿಕ್ಸ್ ಇನ್ನೂ ಒಳಮನೆಯಲ್ಲೇ ಇತ್ತು. ಸ್ಟೀವ್ ಜಾಬ್ಸ್‌ನ ನೆಕ್ಸ್ಟ್ ಕಂಪನಿ 1988ರಲ್ಲಿ ಹೊರತಂದ ಗಣಕದಲ್ಲಿದ್ದದ್ದು ಇಂಥ ಮಾಕ್. ನಿಜವಾದ ಪ್ರಯೋಗ ನಡೆದದ್ದು ಮೂರನೆಯ ಆವೃತ್ತಿಯಲ್ಲಿ. 1990ರಲ್ಲಿ ಗೋಲಬ್, ಡೀನ್, ಫೋರಿನ್ ಮತ್ತು ರಶೀದ್ ಬರೆದ ಪ್ರಬಂಧದ ತಲೆಬರಹವೇ ಯೂನಿಕ್ಸನ್ನು ಒಂದು ‘ಅಪ್ಲಿಕೇಷನ್ ಪ್ರೋಗ್ರಾಂ’ ಎಂದು ಕರೆಯಿತು. ಅಲ್ಲಿಯವರೆಗೆ ಯಂತ್ರವನ್ನೇ ಆಳುತ್ತಿದ್ದ ಯೂನಿಕ್ಸ್, ಪತ್ರ ಟೈಪು ಮಾಡುವ ತಂತ್ರಾಂಶದ ಪಂಕ್ತಿಯಲ್ಲಿ ಬಂದು ಕುಳಿತಿತ್ತು.

ಕಾಗದದ ಮೇಲೆ ಇದರ ಲಾಭ ಬಹಳ. ಒಂದೇ ಯಂತ್ರದಲ್ಲಿ ಯೂನಿಕ್ಸ್, ಅದರ ಪಕ್ಕಕ್ಕೆ ಇನ್ನೊಂದು ವ್ಯವಸ್ಥೆ, ಮತ್ತೂ ಒಂದು, ಹೀಗೆ ಎಷ್ಟು ಒಕ್ಕಲುಗಳನ್ನು ಬೇಕಾದರೂ ಇಡಬಹುದು. ಐಬಿಎಂ ಕಂಪನಿ ಈ ಕನಸನ್ನು ಬೆನ್ನಟ್ಟಿ ಮಾಕ್ ಆಧಾರದ ಮೇಲೆ ‘ವರ್ಕ್‌ಪ್ಲೇಸ್ ಓಎಸ್’ ಎಂಬ ಭಾರಿ ಯೋಜನೆಯನ್ನು ಹಮ್ಮಿಕೊಂಡಿತು. ರಿಚರ್ಡ್ ಸ್ಟಾಲ್‌ಮನ್ ಅವರ ಗ್ನೂ ಬಳಗ 1990ರಲ್ಲಿ ಕೈಗೆತ್ತಿಕೊಂಡ ‘ಹರ್ಡ್’ ಕೂಡ ಮಾಕ್ ಮೇಲೆಯೇ ನಿಂತಿತು. ಆಪಲ್ ಕಂಪನಿ ಓಪನ್ ಸಾಫ್ಟ್‌ವೇರ್ ಫೌಂಡೇಷನ್ನಿನ ಸಂಶೋಧಕರ ಜತೆಗೂಡಿ 1996ರಲ್ಲಿ ಲಿನಕ್ಸನ್ನೇ ಮಾಕ್ ಮೇಲೆ ಕೂರಿಸಿ, ತನ್ನ ಪವರ್ ಮೆಕಿಂಟಾಷ್ ಯಂತ್ರಗಳಿಗಾಗಿ ‘ಎಂಕೆಲಿನಕ್ಸ್’ ಹೊರತಂದಿತು.

ಆದರೆ ಓಡಿಸಿ ನೋಡಿದವರಿಗೆ ಕಂಡದ್ದು ನಿಧಾನಗತಿ. ಕಾರಣ ತಿಳಿಯಲು ‘ನನ್ನ ಕ್ರಮಸಂಖ್ಯೆ ಎಷ್ಟು?’ ಎಂಬ ಪ್ರಶ್ನೆಯ ಜಾಡನ್ನೇ ಹಿಡಿಯೋಣ. ಮಾಮೂಲಿ ಲಿನಕ್ಸ್‌ನಲ್ಲಿ ಪ್ರೋಗ್ರಾಮು ಒಳಮನೆಯ ಕದ ತಟ್ಟುತ್ತದೆ, ಉತ್ತರ ಪಡೆದು ಮರಳುತ್ತದೆ. ಒಂದು ಸಲ ಒಳಗೆ, ಒಂದು ಸಲ ಹೊರಗೆ. ಮಾಕ್ ಮೇಲೆ ಹಾಗಲ್ಲ. ಕದ ತಟ್ಟಿದಾಗ ಬಾಗಿಲಿಗೆ ಬರುವುದು ಮಾಕ್. ‘ನೀನು ಹುಡುಕುತ್ತಿರುವವನು ಇಲ್ಲಿಲ್ಲ’ ಎಂದು ಅದು ಪ್ರೋಗ್ರಾಮಿನಲ್ಲೇ ಅಡಗಿಸಿಟ್ಟ ಒಂದು ತುಣುಕಿಗೆ ವಿಷಯ ಮುಟ್ಟಿಸುತ್ತದೆ. ಆ ತುಣುಕು ಪ್ರಶ್ನೆಯನ್ನು ಸಂದೇಶವಾಗಿ ಬರೆದು ಮತ್ತೆ ಮಾಕ್ ಕೈಗೆ ಕೊಡುತ್ತದೆ. ಮಾಕ್ ಅದನ್ನು ಹೊರಗೆ ಕುಳಿತ ಹಳೆಯ ಒಡೆಯನಿಗೆ ಒಯ್ಯುತ್ತದೆ. ಅವನ ಉತ್ತರ ಮತ್ತೆ ಮಾಕ್ ಮೂಲಕ ವಾಪಸು. ಒಂದು ಸಲ ಹೊಕ್ಕು ಹೊರಬರುವ ಕಡೆ ಮೂರು ಸಲ. ಅಷ್ಟೇ ಆಗಿದ್ದರೆ ಸಮಯ ಮೂರು ಪಟ್ಟಾಗಬೇಕಿತ್ತು. ಆದದ್ದು ಅರವತ್ತು ಪಟ್ಟಿಗಿಂತ ಹೆಚ್ಚು.

ಮಾಕ್‌ನ ಟಪಾಲು ವ್ಯವಸ್ಥೆ ಅತಿ ಶಿಸ್ತಿನದು. ಪ್ರತಿ ಪತ್ರಕ್ಕೂ ಕಳಿಸುವವನ ಹಕ್ಕನ್ನು ಪರಿಶೀಲಿಸಬೇಕು, ಪಡೆಯುವವನು ಸಿದ್ಧನಿಲ್ಲದಿದ್ದರೆ ಪತ್ರವನ್ನು ತನ್ನ ಬಳಿ ನಕಲು ಮಾಡಿಟ್ಟುಕೊಳ್ಳಬೇಕು, ಆಮೇಲೆ ಇನ್ನೊಂದು ನಕಲು ಮಾಡಿ ತಲುಪಿಸಬೇಕು. ಬೇರೆ ಊರಿನ ಯಂತ್ರಕ್ಕೆ ಪತ್ರ ಹಾಕುವಾಗ ಈ ಏರ್ಪಾಡು ಸೊಗಸು. ಪಕ್ಕದ ಕೋಣೆಗೆ ಚೀಟಿ ಕಳಿಸುವಾಗಲೂ ಅದೇ ಶಾಸ್ತ್ರವೆಂದರೆ ಕೆಲಸ ಸಾಗುವುದೆಂತು?

1993ರಲ್ಲಿ ಚೆನ್ ಮತ್ತು ಬರ್ಷಾಡ್ ಎಂಬ ಸಂಶೋಧಕರು ಸಾಂಪ್ರದಾಯಿಕ ಯೂನಿಕ್ಸನ್ನೂ ಮಾಕ್ ಮೇಲಿನ ಯೂನಿಕ್ಸನ್ನೂ ಪಕ್ಕಪಕ್ಕ ಇಟ್ಟು ಅಳೆದು, ಎರಡನೆಯದು ಪ್ರೊಸೆಸರಿನ ಅತಿವೇಗದ ತಾತ್ಕಾಲಿಕ ಮೆಮೊರಿಯಾದ ‘ಕ್ಯಾಷ್’ಗೆ ಹೆಚ್ಚು ಹೊರೆಯಾಗುತ್ತದೆ ಎಂದು ತೋರಿಸಿದರು. ಬಹುಮಂದಿ ಇದನ್ನು ಕಿರುತಿರುಳಿನ ಜಾತಕದಲ್ಲೇ ಬರೆದ ದೋಷವೆಂದು ಓದಿಕೊಂಡರು. ಐಬಿಎಂ 1996ರ ಹೊತ್ತಿಗೆ ತನ್ನ ಯೋಜನೆಯನ್ನು ಕೈಬಿಟ್ಟಿತು. ಉಳಿದವರು ಸೋಲನ್ನು ಒಪ್ಪುವ ಇನ್ನೊಂದು ಬಗೆ ಹುಡುಕಿದರು: ಹೊರಹಾಕಿದ ಒಡೆಯನನ್ನು ಮರಳಿ ಒಳಮನೆಗೆ ಕರೆತಂದು ಮಾಕ್ ಪಕ್ಕದಲ್ಲೇ ಕೂರಿಸುವುದು. ಆಪಲ್ ಕಂಪನಿ ನೆಕ್ಸ್ಟ್ ಕಂಪನಿಯನ್ನು ಕೊಂಡು 2001ರಲ್ಲಿ ಬಿಡುಗಡೆ ಮಾಡಿದ ಮ್ಯಾಕ್ ಓಎಸ್ ಟೆನ್ ಇದೇ ಮಾದರಿಯದು. ಮಾಕ್ ಮತ್ತು ಯೂನಿಕ್ಸ್ ಎರಡೂ ಅದರಲ್ಲಿ ಒಂದೇ ಕೋಣೆಯಲ್ಲಿವೆ. ಗೋಡೆ ಹೋಯಿತು, ವೇಗ ಬಂದಿತು.

ಈ ನಡುವೆ 1992ರ ಜನವರಿಯಲ್ಲಿ ಒಂದು ಪ್ರಸಿದ್ಧ ವಾಗ್ವಾದವೂ ನಡೆದಿತ್ತು. ಆಮ್‌ಸ್ಟರ್‌ಡಾಮಿನ ಪ್ರಾಧ್ಯಾಪಕ ಆಂಡ್ರೂ ಟನೆನ್‌ಬಾಮ್, ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸನ್ನು ಕಾಲ ಮೀರಿದ ವಿನ್ಯಾಸವೆಂದು ಟೀಕಿಸಿದರು; ಭವಿಷ್ಯ ಕಿರುತಿರುಳಿನದು ಎಂಬುದು ಅವರ ವಾದ. ಸಿದ್ಧಾಂತದ ದೃಷ್ಟಿಯಿಂದ ಕಿರುತಿರುಳು ಮೇಲು ಎಂದು ಒಪ್ಪಿದ ಟೋರ್ವಾಲ್ಡ್ಸ್, ಇಂದು ಕೈಗೆ ಸಿಕ್ಕಿ ಕೆಲಸ ಮಾಡುವುದು ಲಿನಕ್ಸ್ ಎಂದು ಉತ್ತರಿಸಿದರು. ಮಾಕ್‌ನ ಸೋಲು ಆ ವಾದದಲ್ಲಿ ಟೋರ್ವಾಲ್ಡ್ಸ್ ಪರ ತೀರ್ಪಿನಂತೆ ಕಂಡಿತು.

ಟಪಾಲು ಹಗುರವಾದಾಗ

ತೀರ್ಪನ್ನು ಒಪ್ಪದ ಒಬ್ಬಾತ ಜರ್ಮನಿಯಲ್ಲಿದ್ದ. ಹೆಸರು ಯೋಖೆನ್ ಲೀಟ್ಕೆ, ಹುಟ್ಟಿದ್ದು 1953ರಲ್ಲಿ. ಸಣ್ಣ ಯಂತ್ರಗಳಲ್ಲಿ ಹೆಚ್ಚು ಕೆಲಸ ತೆಗೆಯುವುದು ಆತನಿಗೆ ಎಳವೆಯಿಂದ ಬಂದ ಅಭ್ಯಾಸ. ‘ಯೂಮೆಲ್’ ಎಂಬ ಆತನ ಮೊದಲ ವ್ಯವಸ್ಥೆ ಎಂಟು ಬಿಟ್‌ನ ಪುಟ್ಟ ಪ್ರೊಸೆಸರುಗಳ ಮೇಲೂ ಓಡುತ್ತಿತ್ತು. ಜರ್ಮನ್ ಸರ್ಕಾರದ ಗಣಕ ಸಂಶೋಧನಾ ಸಂಸ್ಥೆ ಜಿಎಂಡಿಯಲ್ಲಿ ಆತ ‘ಎಲ್3’ ಎಂಬ ಕಿರುತಿರುಳನ್ನು ಕಟ್ಟಿದ.

ಲೀಟ್ಕೆಯ ಪ್ರಶ್ನೆ ನೇರವಾಗಿತ್ತು. ಸಂದೇಶ ಒಯ್ಯುವುದೇ ಕಿರುತಿರುಳಿನ ಮುಖ್ಯ ಕೆಲಸವಾದರೆ, ಪ್ರೊಸೆಸರು ಆ ಕೆಲಸವನ್ನು ಕನಿಷ್ಠ ಎಷ್ಟು ಹೆಜ್ಜೆಗಳಲ್ಲಿ ಮುಗಿಸಬಲ್ಲದು? ಆ ಕನಿಷ್ಠಕ್ಕೆ ಎಷ್ಟು ಹತ್ತಿರ ಹೋಗಬಹುದು? ಆತ ಪತ್ರವನ್ನು ಸಂಗ್ರಹಿಸಿಡುವ ಪದ್ಧತಿಯನ್ನೇ ತೆಗೆದುಹಾಕಿದ. ಕೊಡುವವನು, ಪಡೆಯುವವನು ಇಬ್ಬರೂ ಸಿದ್ಧರಿದ್ದಾಗ ಮಾತ್ರ ಕೈಯಿಂದ ಕೈಗೆ ಸಂದೇಶ. ಚಿಕ್ಕ ಸಂದೇಶವಾದರೆ ಮೆಮೊರಿಯಲ್ಲಿ ಬರೆಯುವ ಗೋಜೂ ಬೇಡ, ಪ್ರೊಸೆಸರಿನ ರಿಜಿಸ್ಟರುಗಳಲ್ಲೇ ಇಟ್ಟು ದಾಟಿಸಬೇಕು. ಸರದಿಯ ಪಟ್ಟಿ ತಿರುವಿಹಾಕದೆ ನೇರವಾಗಿ ಪಡೆಯುವವನನ್ನೇ ಓಡಿಸಬೇಕು. ಪದೇ ಪದೇ ಬೇಕಾಗುವ ಸೂಚನೆಗಳು ಕ್ಯಾಷ್‌ನಲ್ಲಿ ಒಟ್ಟಿಗೆ ಕೂರುವಂತೆ ಜೋಡಿಸಬೇಕು.

ಫಲಿತಾಂಶವನ್ನು 1993ರಲ್ಲಿ ಪ್ರಕಟಿಸಿದಾಗ ಸಹೋದ್ಯೋಗಿಗಳು ಬೆರಗಾದರು. 50 ಮೆಗಾಹರ್ಟ್ಸ್‌ನ 486 ಯಂತ್ರದಲ್ಲಿ ಒಂದು ಚಿಕ್ಕ ಸಂದೇಶಕ್ಕೆ ಮಾಕ್ ತೆಗೆದುಕೊಳ್ಳುತ್ತಿದ್ದದ್ದು ಸುಮಾರು 115 ಮೈಕ್ರೋಸೆಕೆಂಡ್. ಎಲ್3ಕ್ಕೆ ಸಾಕಾದದ್ದು ಸುಮಾರು 5. ಇಪ್ಪತ್ತು ಪಟ್ಟಿಗೂ ಮೀರಿದ ಅಂತರ, ಅದೂ ಅದೇ ಯಂತ್ರದಲ್ಲಿ.

ಮುಂದಿನದು ಎಲ್4. ಅದರ ಗಾತ್ರ ಬರೀ 12 ಕಿಲೋಬೈಟ್. 1995ರ ಪ್ರಬಂಧದಲ್ಲಿ ಲೀಟ್ಕೆ ಎರಡು ಮಾತು ಹೇಳಿದ. ಮೊದಲನೆಯದು, ಹೊರಗಿಟ್ಟರೆ ವ್ಯವಸ್ಥೆಯೇ ನಡೆಯದು ಎಂಬಂಥ ಸಂಗತಿಗೆ ಮಾತ್ರ ಕಿರುತಿರುಳಿನೊಳಗೆ ಜಾಗ. ಒಳಗಿದ್ದರೆ ಅನುಕೂಲ ಎಂಬ ಕಾರಣ ಸಾಲದು. ಎರಡನೆಯದು, ಚೆನ್ ಮತ್ತು ಬರ್ಷಾಡ್ ಅಳತೆ ಸರಿ, ಆದರೆ ಅದರಿಂದ ಲೋಕ ತೆಗೆದ ತೀರ್ಮಾನ ಸರಿಯಲ್ಲ. ಕ್ಯಾಷನ್ನು ತುಂಬಿಸುತ್ತಿದ್ದದ್ದು ಮಾಕ್‌ನ ಸ್ಥೂಲಕಾಯ. ಕಿರುತಿರುಳು ಎಂದು ಹೆಸರಿಟ್ಟ ಮಾತ್ರಕ್ಕೆ ಮಾಕ್ ಕಿರಿದಾಗಿರಲಿಲ್ಲ. ಒಂದು ದಪ್ಪ ಕಿರುತಿರುಳನ್ನು ಅಳೆದು ಎಲ್ಲ ಕಿರುತಿರುಳೂ ನಿಧಾನ ಎಂದದ್ದು, ಒಬ್ಬ ಅಡಿಗೆಯವನ ಸಾರು ಉಪ್ಪಾಯಿತೆಂದು ಸಾರೇ ಬೇಡವೆಂದ ಹಾಗೆ.

ಡ್ರೆಸ್ಡೆನ್ನಿನ ಪರೀಕ್ಷೆ

ಆದರೂ ವಿಮರ್ಶಕರ ಬಾಯಿ ಮುಚ್ಚಲಿಲ್ಲ. ಒಂದು ಸಂದೇಶ ವೇಗವಾಗಿ ಹೋಗುತ್ತದೆ, ಸರಿ; ಅದರ ಮೇಲೆ ನಿಜವಾದ, ದಿನಬಳಕೆಯ ವ್ಯವಸ್ಥೆಯನ್ನು ಓಡಿಸಿ ತೋರಿಸಿ ಎಂಬುದು ಅವರ ಸವಾಲು. ಸವಾಲನ್ನು ಸ್ವೀಕರಿಸಿದ್ದು ಡ್ರೆಸ್ಡೆನ್ನಿನ ಹೆರ್ಮನ್ ಹೆರ್ಟಿಗ್ ತಂಡ. ಹೋಮುತ್, ಷೋನ್‌ಬೆರ್ಗ್, ವೋಲ್ಟರ್ ಆ ತಂಡದವರು. ಆ ಹೊತ್ತಿಗೆ ಅಮೆರಿಕದ ಐಬಿಎಂ ಸಂಶೋಧನಾಲಯ ಸೇರಿದ್ದ ಲೀಟ್ಕೆಯೂ ಜತೆಗಿದ್ದ. ಒಕ್ಕಲಾಗಿ ಆರಿಸಿಕೊಂಡದ್ದು ಲಿನಕ್ಸ್. ಕಿರುತಿರುಳಿನ ಪ್ರತಿಪಕ್ಷವೆಂದು ಐದು ವರ್ಷ ಹಿಂದೆ ಜಗಳಕ್ಕೆ ಕಾರಣವಾಗಿದ್ದ ಅದೇ ಲಿನಕ್ಸ್!

ತಂಡ ತನಗೆ ತಾನೇ ಒಂದು ಕಟ್ಟುಪಾಡು ಹಾಕಿಕೊಂಡಿತು. ಲಿನಕ್ಸ್‌ನ ಒಡಲನ್ನು ಕೆದಕಬಾರದು. ಲಿನಕ್ಸನ್ನು ಬೇರೆ ಬೇರೆ ಪ್ರೊಸೆಸರುಗಳಿಗೆ ಒಗ್ಗಿಸುವ ಸಲುವಾಗಿ ಯಂತ್ರಕ್ಕೆ ನೇರ ತಾಗುವ ಭಾಗವನ್ನು ಮೊದಲೇ ಪ್ರತ್ಯೇಕವಾಗಿ ಇಟ್ಟಿದ್ದರು. ಡ್ರೆಸ್ಡೆನ್ ತಂಡ ಆ ಭಾಗವನ್ನು ಮಾತ್ರ ಬದಲಿಸಿ, ಎಲ್4 ಎಂಬುದೇ ಒಂದು ಹೊಸ ಪ್ರೊಸೆಸರು ಎಂಬಂತೆ ಲಿನಕ್ಸ್‌ಗೆ ಪರಿಚಯ ಮಾಡಿಸಿತು. ಈ ಯುಕ್ತಿಯಲ್ಲೇ ಪ್ರಯೋಗದ ಜಾಣತನವಿದೆ. ಒಕ್ಕಲಾದವನಿಗೆ ತಾನು ಬೇರೆ ಊರಿಗೆ ವರ್ಗವಾಗಿದ್ದೇನೆ ಅನ್ನಿಸಿತೇ ಹೊರತು ಅಧಿಕಾರ ಹೋಯಿತೆಂದು ತಿಳಿಯಲಿಲ್ಲ.

ಒಳಗಿನ ಏರ್ಪಾಡು ಹೀಗೆ. ಯಂತ್ರ ಶುರುವಾದೊಡನೆ ಲಿನಕ್ಸ್ ಕರ್ನೆಲ್ ತನಗೆ ಬೇಕಾದ ಮೆಮೊರಿಯನ್ನು ಕೇಳಿ ಪಡೆಯುತ್ತದೆ. ಅದನ್ನು ತನ್ನ ಪ್ರೋಗ್ರಾಮುಗಳಿಗೆ ಪುಟಪುಟವಾಗಿ ಹಂಚುತ್ತದೆ. ಪ್ರೋಗ್ರಾಮು ತನ್ನಲ್ಲಿಲ್ಲದ ಪುಟವನ್ನು ಮುಟ್ಟಿದರೆ ಎಲ್4 ಆ ಸಂಗತಿಯನ್ನು ಸಂದೇಶವಾಗಿ ಮಾಡಿ ಲಿನಕ್ಸ್‌ಗೆ ತಿಳಿಸುತ್ತದೆ. ಲಿನಕ್ಸ್ ಪುಟವನ್ನು ಒದಗಿಸುತ್ತದೆ. ಡಿಸ್ಕು, ಕೀಲಿಮಣೆಗಳ ಕರೆಯೂ ಸಂದೇಶವಾಗಿಯೇ ಬರುತ್ತದೆ. ಪ್ರೋಗ್ರಾಮು ಹಳೆಯ ಅಭ್ಯಾಸದಂತೆ ಕದ ತಟ್ಟಿದರೆ ಅದನ್ನು ಸಂದೇಶವಾಗಿ ತಿರುಗಿಸುವ ಪುಟ್ಟ ಜಿಗಿಹಲಗೆಯೊಂದು ಪ್ರತಿ ಪ್ರೋಗ್ರಾಮಿನೊಳಗೂ ಇರುತ್ತದೆ. ಆ ದಾರಿಯಲ್ಲಿ ಕ್ರಮಸಂಖ್ಯೆಯ ಪ್ರಶ್ನೆಗೆ ಹಿಡಿಯುವ ಸಮಯ 5.66 ಮೈಕ್ರೋಸೆಕೆಂಡ್. ಎಲ್ಲ ಪ್ರೋಗ್ರಾಮುಗಳೂ ಹಂಚಿಕೊಳ್ಳುವ ತಂತ್ರಾಂಶ ಭಂಡಾರವನ್ನೇ ತಿದ್ದಿ ನೇರ ಸಂದೇಶ ಕಳಿಸುವಂತೆ ಮಾಡಿದರೆ 3.95.

ಲೇಖನದ ಆರಂಭದ ಅಂಕಿಗಳಿಗೆ ಈಗ ಅರ್ಥ ಬಂದಿರಬೇಕು. ಆದರೆ ಸಣ್ಣ ಪ್ರಶ್ನೆಯೊಂದರ ಸಮಯ ಎರಡು ಪಟ್ಟಿಗಿಂತ ಹೆಚ್ಚಾದರೂ ಇಡೀ ದಿನದ ಕೆಲಸ ಎರಡು ಪಟ್ಟು ನಿಧಾನವಾಗುವುದಿಲ್ಲ. ಯಾಕೆಂದರೆ ಪ್ರೋಗ್ರಾಮು ತನ್ನ ಸಮಯವನ್ನೆಲ್ಲ ಪ್ರಶ್ನೆ ಕೇಳುವುದರಲ್ಲೇ ಕಳೆಯುವುದಿಲ್ಲ. ಲಿನಕ್ಸ್‌ನ ಮೂಲ ಪಠ್ಯವನ್ನೇ ಯಂತ್ರಭಾಷೆಗೆ ತಿರುಗಿಸುವ ಒಂದು ದೊಡ್ಡ ಕೆಲಸ ಕೊಟ್ಟು ನೋಡಿದರು. ಮಾಮೂಲಿ ಲಿನಕ್ಸ್ 476 ಸೆಕೆಂಡಿನಲ್ಲಿ ಮುಗಿಸಿತು. ಎಲ್4 ಮೇಲಿನ ಲಿನಕ್ಸ್‌ಗೆ ಹಿಡಿದದ್ದು 506 ಸೆಕೆಂಡ್. ಮಾಕ್ ಮೇಲಿನ ಲಿನಕ್ಸ್‌ಗೆ 605. ಎಂಟು ನಿಮಿಷದ ಕೆಲಸಕ್ಕೆ ಒಂದರಲ್ಲಿ ಅರ್ಧ ನಿಮಿಷ ಹೆಚ್ಚು, ಇನ್ನೊಂದರಲ್ಲಿ ಎರಡು ನಿಮಿಷಕ್ಕೂ ಮೀರಿ ಹೆಚ್ಚು. ಬಹುಜನ ಒಟ್ಟಿಗೆ ಬಳಸುವಾಗಿನ ಗರಿಷ್ಠ ಸಾಮರ್ಥ್ಯದ ಪರೀಕ್ಷೆಯಲ್ಲಿ ಎಲ್4 ಮೇಲಿನ ಲಿನಕ್ಸ್ ಕಳೆದುಕೊಂಡದ್ದು ಶೇಕಡಾ 5 ಮಾತ್ರ. ಮಾಕ್ ಮೇಲಿನದಕ್ಕೆ ಆದ ನಷ್ಟ ಅದರ ಏಳು ಪಟ್ಟು.

1997ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಸೇಂಟ್ ಮಾಲೋದಲ್ಲಿ ನಡೆದ ಸಮ್ಮೇಳನದಲ್ಲಿ ಈ ಅಂಕಿಗಳು ಹೊರಬಂದವು. ಒಡೆಯನನ್ನು ಒಕ್ಕಲು ಮಾಡಬಹುದು, ಅದಕ್ಕೆ ತೆರಬೇಕಾದ ಬೆಲೆ ನೂರಕ್ಕೆ ಐದೋ ಹತ್ತೋ ಎಂಬುದು ಸಿದ್ಧವಾಯಿತು. ಲೀಟ್ಕೆ ಆಮೇಲೆ ಹೆಚ್ಚು ಕಾಲ ಬದುಕಲಿಲ್ಲ. ಕಾರ್ಲ್ಸ್‌ರೂಹ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದಾಗ 2001ರಲ್ಲಿ ತೀರಿಕೊಂಡ. ಐವತ್ತು ತುಂಬಿರಲಿಲ್ಲ.

ಅಷ್ಟು ಮಾಡಿ ಆದ ಲಾಭವೇನು?

ಇಲ್ಲೊಂದು ಆಕ್ಷೇಪ ಸಹಜ. ಲಿನಕ್ಸನ್ನು ಇಡಿಯಾಗಿ ಎತ್ತಿ ಹೊರಗಿಟ್ಟರೂ ಅದು ಒಳಗೆ ಅದೇ ಹಳೆಯ ದೊಡ್ಡ ಕೋಣೆ ತಾನೆ? ಅದರ ಒಬ್ಬ ಗುಮಾಸ್ತ ಎಡವಿದರೆ ಆ ಲಿನಕ್ಸ್ ಪೂರ್ತಿ ಬೀಳುತ್ತದೆ, ಅದನ್ನು ನೆಚ್ಚಿದ ಪ್ರೋಗ್ರಾಮುಗಳೂ ಬೀಳುತ್ತವೆ. ಶೇಕಡಾ 5ರಷ್ಟು ವೇಗ ಕೊಟ್ಟು ಕೊಂಡದ್ದೇನು?

ಆಕ್ಷೇಪ ನ್ಯಾಯವಾದದ್ದೇ. ಉತ್ತರವಿರುವುದು ಲಿನಕ್ಸ್‌ನ ಒಳಗಲ್ಲ, ಅದರ ಪಕ್ಕದ ಮನೆಯಲ್ಲಿ. ಬಿದ್ದದ್ದು ಲಿನಕ್ಸ್ ಮಾತ್ರ; ಯಂತ್ರ ಬೀಳಲಿಲ್ಲ. ಡ್ರೆಸ್ಡೆನ್ ತಂಡ ಇದೇ ತಳಹದಿಯ ಮೇಲೆ ಒಂದು ವ್ಯವಸ್ಥೆ ಕಟ್ಟಿತು. ಒಂದು ಬದಿಗೆ ಲಿನಕ್ಸ್ ತನ್ನ ಪಾಡಿಗೆ ದೈನಂದಿನ ಕೆಲಸ ಮಾಡುತ್ತಿರುತ್ತದೆ. ಇನ್ನೊಂದು ಬದಿಗೆ ಕ್ಷಣ ತಪ್ಪದೆ ನಡೆಯಲೇಬೇಕಾದ ಕೆಲಸಗಳು ನೇರವಾಗಿ ಎಲ್4 ಮೇಲೆ ಓಡುತ್ತಿರುತ್ತವೆ. ಲಿನಕ್ಸ್ ಎಷ್ಟೇ ಗಡಿಬಿಡಿಯಲ್ಲಿದ್ದರೂ ಇವಕ್ಕೆ ಅಡ್ಡಿಯಿಲ್ಲ.

ಫೋನು ತಯಾರಕರಿಗೆ ಇದರಲ್ಲಿ ಹಣ ಕಂಡಿತು. ಮೊಬೈಲಿನ ರೇಡಿಯೋ ಸಂಪರ್ಕ ನೋಡಿಕೊಳ್ಳುವ ತಂತ್ರಾಂಶಕ್ಕೆ ಒಂದು, ಪರದೆಯ ಆಟಗಳಿಗೆ ಇನ್ನೊಂದು ಎಂದು ಎರಡು ಪ್ರೊಸೆಸರು ಹಾಕುವ ಬದಲು, ನಡುವೆ ಭದ್ರವಾದ ಗೋಡೆಯಿದ್ದರೆ ಒಂದೇ ಸಾಕಲ್ಲವೆ? 2009ರಲ್ಲಿ ಬಂದ ಮೊಟೊರೊಲಾದ ಎವೋಕ್ ಫೋನು ಹೀಗೆ ಲಿನಕ್ಸನ್ನು ರೇಡಿಯೋ ತಂತ್ರಾಂಶದ ಪಕ್ಕದಲ್ಲೇ ಕೂರಿಸಿತ್ತು. ತಳದಲ್ಲಿ ಇದ್ದದ್ದು ಎಲ್4 ವಂಶದ ‘ಓಕೆಎಲ್4’. ಅದನ್ನು ತಯಾರಿಸಿದ ಓಪನ್ ಕರ್ನೆಲ್ ಲ್ಯಾಬ್ಸ್ ಕಂಪನಿ 2012ರ ಹೊತ್ತಿಗೆ ಶತಕೋಟಿಗೂ ಮೀರಿದ ಸಾಧನಗಳಲ್ಲಿ ತನ್ನ ತಂತ್ರಾಂಶವಿದೆಯೆಂದು ಹೇಳಿಕೊಂಡಿತು. ಐಫೋನಿನಲ್ಲಿ ಬೆರಳಚ್ಚು, ಮುಖಚಹರೆಗಳ ಗುಟ್ಟನ್ನು ಕಾಯುವ ಪ್ರತ್ಯೇಕ ಪ್ರೊಸೆಸರಿನಲ್ಲಿ ಓಡುವುದೂ ಎಲ್4ನ ಒಂದು ಮರಿಯೇ. ಅದೇ ಫೋನಿನ ಮುಖ್ಯ ಪ್ರೊಸೆಸರಿನಲ್ಲಿ ಮಾಕ್‌ನ ಸಂತತಿಯಿದೆ, ಯೂನಿಕ್ಸ್ ಜತೆ ಒಂದೇ ಕೋಣೆಯಲ್ಲಿ. ಹಳೆಯ ಎದುರಾಳಿಗಳು ಹೀಗೆ ಒಂದೇ ಕಿಸೆಯಲ್ಲಿ ಓಡಾಡುತ್ತಿದ್ದಾರೆ.

ಇದಕ್ಕಿಂತ ದೊಡ್ಡ ಬದಲಾವಣೆ ನಡೆದದ್ದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ. ಅಲ್ಲಿನ ನಿಕ್ಟಾ ಸಂಸ್ಥೆಯ ಗೆರ್ನಾಟ್ ಹೈಸರ್, ಗೆರ್ವಿನ್ ಕ್ಲೈನ್ ಮತ್ತಿತರರು 2009ರಲ್ಲಿ ‘ಎಸ್ಇಎಲ್4’ ಎಂಬ ಕಿರುತಿರುಳನ್ನು ಪ್ರಕಟಿಸಿದರು. ಅದು ಸಿ ಭಾಷೆಯಲ್ಲಿ ಸುಮಾರು 8,700 ಸಾಲುಗಳಷ್ಟು. ತಂತ್ರಾಂಶವನ್ನು ಸಾಮಾನ್ಯವಾಗಿ ಓಡಿಸಿ ನೋಡಿ ತಪ್ಪು ಹುಡುಕುತ್ತಾರೆ. ಇವರು ಓಡಿಸಿ ನೋಡಿ ತೃಪ್ತರಾಗಲಿಲ್ಲ. ರೇಖಾಗಣಿತದ ಪ್ರಮೇಯವನ್ನು ಸಾಧಿಸುವಂತೆ, ಬರೆದ ಪ್ರತಿ ಸಾಲೂ ನಿರೂಪಿಸಿದ ನಿಯಮದಂತೆಯೇ ನಡೆಯುತ್ತದೆಂದು ಗಣಕದ ನೆರವಿನಿಂದ ಹೆಜ್ಜೆಹೆಜ್ಜೆಯಾಗಿ ಸಾಧಿಸಿದರು. ಆ ಸಾಧನೆ ಸುಮಾರು ಎರಡು ಲಕ್ಷ ಸಾಲುಗಳಷ್ಟಾಯಿತು. ಲಿನಕ್ಸ್‌ಗೆ ಇದು ಅಸಾಧ್ಯ. ಅದರ ಮೂಲ ಪಠ್ಯವೀಗ ಮೂರು ಕೋಟಿ ಸಾಲುಗಳನ್ನು ಮೀರಿದೆ. ಒಂದು ಯಂತ್ರಕ್ಕೆ ಅದರಲ್ಲಿ ಸ್ವಲ್ಪ ಭಾಗವೇ ಬೇಕಾದರೂ ಆ ಸ್ವಲ್ಪವೇ ಬೆಟ್ಟದಷ್ಟು.

ಇಲ್ಲಿಗೆ ಒಕ್ಕಲುತನದ ಅರ್ಥವೇ ಬದಲಾಯಿತು. ಮಾಕ್‌ನ ಕಾಲದಲ್ಲಿ ಹಳೆಯ ಕರ್ನೆಲನ್ನು ಹೊರಗಿಟ್ಟದ್ದು ವಿನ್ಯಾಸದ ಚೆಲುವಿಗಾಗಿ. ಈಗ ಹೊರಗಿಡುವುದು ಅದರ ಮೇಲೆ ನಂಬಿಕೆಯಿಲ್ಲದ್ದರಿಂದ. ಸಾಧಿಸಲಾಗದ ಬೆಟ್ಟವನ್ನು ಸಾಧಿಸಿದ ಪುಟ್ಟ ಗೋಡೆಯೊಳಗೆ ಇಡುವುದು.

ಇದರ ಪರೀಕ್ಷೆ ಆಕಾಶದಲ್ಲಿ ನಡೆಯಿತು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ದಾರ್ಪಾ 2012ರಲ್ಲಿ ಆರಂಭಿಸಿದ ಯೋಜನೆಯೊಂದರಲ್ಲಿ ಬೋಯಿಂಗ್ ಕಂಪನಿಯ ಪೈಲಟ್ ಇಲ್ಲದೆಯೂ ಹಾರಬಲ್ಲ ‘ಲಿಟಲ್ ಬರ್ಡ್’ ಹೆಲಿಕಾಪ್ಟರಿನ ಗಣಕಕ್ಕೆ ಎಸ್ಇಎಲ್4 ಅಳವಡಿಸಲಾಯಿತು. ಕ್ಯಾಮೆರಾ ನೋಡಿಕೊಳ್ಳುವ ಲಿನಕ್ಸ್ ಅದರ ಮೇಲೆ ಒಂದು ಒಕ್ಕಲು. ಹಾರಾಟಕ್ಕೆ ಬೇಕಾದ ಮುಖ್ಯ ಕೆಲಸಗಳು ಗೋಡೆಯ ಆಚೆ. ದಾಳಿ ಮಾಡಿ ಪರೀಕ್ಷಿಸಲೆಂದೇ ನೇಮಿಸಿದ ತಜ್ಞರ ತಂಡಕ್ಕೆ ಆ ಲಿನಕ್ಸ್‌ನೊಳಗೆ ಪೂರ್ಣಾಧಿಕಾರವನ್ನೇ ಕೊಟ್ಟರು. ಕಳ್ಳನಿಗೆ ಮನೆಯ ಕೀಲಿ ಕೊಟ್ಟು, ಪಕ್ಕದ ಮನೆಗೆ ಹೋಗಬಲ್ಲೆಯಾ ನೋಡು ಎಂದಂತೆ. ಅವರು ಆ ಲಿನಕ್ಸನ್ನು ಕೆಡವಬಲ್ಲವರಾದರು, ಗೋಡೆ ದಾಟಲಾಗಲಿಲ್ಲ. ಬಿದ್ದ ಲಿನಕ್ಸನ್ನು ವ್ಯವಸ್ಥೆ ಮತ್ತೆ ಎಬ್ಬಿಸಿ ಕೂರಿಸಿತು.

ಮುಗಿಯದ ಲೆಕ್ಕ

ಎಲ್ಲ ಸಮಸ್ಯೆಯೂ ಬಗೆಹರಿಯಿತೆಂದಲ್ಲ. ಲಿನಕ್ಸ್‌ನೊಳಗೇ ಇಟ್ಟ ನಮ್ಮ ಕಾಗದಪತ್ರ, ಫೋಟೋಗಳು ಆ ಲಿನಕ್ಸ್ ಕೆಟ್ಟರೆ ಕೆಟ್ಟಂತೆಯೇ. ಪಕ್ಕದ ಮನೆಗೆ ಏನನ್ನು ಸಾಗಿಸಬೇಕು, ಏನನ್ನು ಲಿನಕ್ಸ್‌ನಲ್ಲೇ ಬಿಡಬೇಕು ಎಂದು ವಿಂಗಡಿಸುವ ಕಷ್ಟದ ಕೆಲಸ ವಿನ್ಯಾಸಕಾರನ ತಲೆಗೇ ಬರುತ್ತದೆ. ಇನ್ನೊಂದೆಡೆ, 2003ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಬಂದ ‘ಜೆನ್’ ಮತ್ತು ಅದರ ಬಳಗದ ತಂತ್ರಾಂಶಗಳು ಒಂದು ಯಂತ್ರವನ್ನು ಹಲವು ಯಂತ್ರಗಳೆಂಬಂತೆ ತೋರಿಸಿ, ಲಿನಕ್ಸನ್ನು ಸಾವಿರಗಟ್ಟಲೆ ಒಕ್ಕಲುಗಳಾಗಿ ಬಾಡಿಗೆಗೆ ಕೊಡುವ ಉದ್ಯಮವನ್ನೇ ಹುಟ್ಟುಹಾಕಿದವು. ಅಮೆಜಾನ್ ಕಂಪನಿ 2006ರಲ್ಲಿ ತನ್ನ ಬಾಡಿಗೆ ಗಣಕ ಸೇವೆಯನ್ನು ಶುರುಮಾಡಿದ್ದು ಜೆನ್ ಆಧಾರದ ಮೇಲೆ. ಅದು ಕಿರುತಿರುಳೇ ಅಲ್ಲವೇ ಎಂದು ಪಂಡಿತರು ಆಮೇಲೂ ವಾದಿಸಿದರು.

ವೇಗದ ವಾದಕ್ಕೂ 2018ರ ಜನವರಿಯಲ್ಲಿ ಒಂದು ತಿರುವು ಬಂತು. ‘ಮೆಲ್ಟ್‌ಡೌನ್’ ಎಂಬ ದೋಷ ಬಹಿರಂಗವಾಗಿ, ಬಹುತೇಕ ಇಂಟೆಲ್ ಪ್ರೊಸೆಸರುಗಳಲ್ಲಿ ಪ್ರಜೆಯ ಸ್ಥಿತಿಯಲ್ಲಿರುವ ಪ್ರೋಗ್ರಾಮು ಒಳಮನೆಯ ಮೆಮೊರಿಯನ್ನು ಇಣುಕಿ ನೋಡಬಹುದೆಂದು ತಿಳಿಯಿತು. ಮಾಮೂಲಿ ಲಿನಕ್ಸ್ ಇದಕ್ಕೆ ಕಂಡುಕೊಂಡ ಮದ್ದು, ಕರ್ನೆಲ್ ಮತ್ತು ಪ್ರೋಗ್ರಾಮುಗಳ ಮೆಮೊರಿ ನಕ್ಷೆಗಳನ್ನು ಬೇರ್ಪಡಿಸಿ, ಪ್ರತಿ ಸಲ ಕದ ತಟ್ಟಿದಾಗಲೂ ನಕ್ಷೆ ಬದಲಾಯಿಸುವುದು. ಯಾವ ಖರ್ಚನ್ನು ತೋರಿಸಿ ಕಿರುತಿರುಳನ್ನು ಹೀಗಳೆದಿದ್ದರೋ ಅಂಥದೇ ಖರ್ಚನ್ನು ಸುರಕ್ಷತೆಗಾಗಿ ಒಡೆಯನೂ ತೆರಬೇಕಾಯಿತು.

ಒಂದು ಕಲ್ಪನೆಯನ್ನು ಅದರ ಮೊದಲ ರೂಪದಿಂದಲೇ ಅಳೆದು ತಳ್ಳಿಹಾಕಿದರೆ ಎಷ್ಟು ವರ್ಷ ಕಳೆದುಕೊಳ್ಳಬಹುದೆಂಬುದಕ್ಕೆ ಈ ಇತಿಹಾಸ ಸಾಕ್ಷಿ. ಮಾಕ್ ನಿಧಾನವಾಗಿತ್ತು ಎಂಬುದು ಸತ್ಯ; ಆ ಸತ್ಯವನ್ನು ಹಿಗ್ಗಿಸಿ ಎಲ್ಲ ಕಿರುತಿರುಳಿಗೂ ಹಚ್ಚಿದ್ದು ಅವಸರ. ಆ ಅವಸರವನ್ನು ತಿದ್ದಲು ಘೋಷಣೆಗಳಿಂದ ಆಗಲಿಲ್ಲ. ಅತಿ ಸಣ್ಣ ಪ್ರಶ್ನೆಯೊಂದಕ್ಕೆ ಎಷ್ಟು ಮೈಕ್ರೋಸೆಕೆಂಡ್ ಹಿಡಿಯುತ್ತದೆಂದು ತಾಳ್ಮೆಯಿಂದ ಅಳೆಯುವವರು ಬೇಕಾಯಿತು. ವಿಮಾನ, ಕಾರು, ಆಸ್ಪತ್ರೆಯ ಯಂತ್ರಗಳೆಲ್ಲ ಕೋಟಿಗಟ್ಟಲೆ ಸಾಲುಗಳ ತಂತ್ರಾಂಶವನ್ನು ನೆಚ್ಚಿರುವ ಈ ಕಾಲದಲ್ಲಿ, ಅದರಲ್ಲಿ ಎಷ್ಟು ಸಾಲುಗಳನ್ನು ಕಣ್ಣುಮುಚ್ಚಿ ನಂಬಬೇಕು ಎಂಬುದೇ ಮುಖ್ಯ ಪ್ರಶ್ನೆ. ಒಡೆಯನನ್ನು ಒಕ್ಕಲು ಮಾಡಿದವರು ಆ ಲೆಕ್ಕವನ್ನು ಕೋಟಿಗಳಿಂದ ಒಂಬತ್ತು ಸಾವಿರಕ್ಕೆ ಇಳಿಸುವ ದಾರಿಯೊಂದನ್ನು ತೋರಿಸಿದ್ದಾರೆ.